ಕೆರೆಗೆ ಸೈಬೀರಿಯಾ ಹಕ್ಕಿ ಬಂದಿವೆಯಂತೆ, ಯಾವಾಗ ಹೋದರೆ ಕಾಣುತ್ತವೆ?

ನವೆಂಬರ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಈ ಸಲ ಕೇಳಿದವರು ಮೈಸೂರಿನವರು. "ಕುಕ್ಕರಹಳ್ಳಿ ಕೆರೆಯಲ್ಲಿ ಸೈಬೀರಿಯಾದ ದೊಡ್ಡ ಬಿಳಿ ಹಕ್ಕಿಗಳಿವೆಯಂತೆ. ಮಕ್ಕಳನ್ನು ಕರೆದುಕೊಂಡು ಯಾವ ಹೊತ್ತಿಗೆ ಹೋಗಲಿ?"

ಹೊತ್ತಿನ ಮಾತು ಸುಲಭ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಹೋಗಿ. ಆಗದಿದ್ದರೆ ಸಂಜೆ ನಾಲ್ಕರ ಮೇಲೆ. ಸೂರ್ಯ ನಿಮ್ಮ ಬೆನ್ನಿಗಿರುವ ದಂಡೆ ಹಿಡಿಯಿರಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಒಂದು 8×42 ಬೈನಾಕ್ಯುಲರ್ ಸಾಕು, ದೊಡ್ಡ ಕ್ಯಾಮೆರಾ ಬೇಕಿಲ್ಲ.

ಇನ್ನು ಆ ಸೈಬೀರಿಯಾ. ಎಷ್ಟು ಸಲ ಹೇಳಿದರೂ ಈ ಮಾತು ಹೋಗುತ್ತಿಲ್ಲ, ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ನೀವು ನೋಡಲು ಹೊರಟಿರುವುದು ಹೆಜ್ಜಾರ್ಲೆ, ಅಂದರೆ ಪೆಲಿಕನ್. ದೂರಕ್ಕೆ ಬಿಳಿ, ಹತ್ತಿರ ಬಂದರೆ ಬೂದು. ಮೇಲಿನ ಕೊಕ್ಕಿನ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳ ಸಾಲು ಇರುತ್ತದೆ, ಬೈನಾಕ್ಯುಲರ್‌ನಲ್ಲಿ ಮಕ್ಕಳಿಗೆ ಮೊದಲು ಅದನ್ನೇ ತೋರಿಸಿ. ಇದು ಸೈಬೀರಿಯಾದ್ದಲ್ಲ. ಕೆಲವರು ಹೇಳುವ ಹಾಗೆ ಆಸ್ಟ್ರೇಲಿಯಾದ್ದೂ ಅಲ್ಲ. ದಕ್ಷಿಣ ಭಾರತದಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲೇ ಮರಿ ಮಾಡುವ ಹಕ್ಕಿ. ಬಾಲದ ಹತ್ತಿರ ಗುಲಾಬಿ ಗರಿ ಇರುವ ಬಣ್ಣದ ಕೊಕ್ಕರೆಯೂ ಅಷ್ಟೇ.

ಪುರಾವೆ ಬೇಕಾ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಕೊಕ್ಕರೆ ಎರಡೂ ಗೂಡು ಕಟ್ಟುತ್ತವೆ. ರಂಗನತಿಟ್ಟಿನಲ್ಲೂ ಗೂಡುಗಳಿವೆ. ಚಳಿಗಾಲ ಕಳೆಯಲು ಉತ್ತರದಿಂದ ಬರುವ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲ. ಅದು ಬರುವುದು ಹೊಟ್ಟೆಪಾಡಿಗೆ, ಏಕೆಂದರೆ ಅದರ ಊರಿನಲ್ಲಿ ಆಗ ನೀರೆಲ್ಲ ಹೆಪ್ಪುಗಟ್ಟಿ, ಹುಳ ಹುಪ್ಪಟೆ ಸಿಗದಂತಾಗಿರುತ್ತದೆ. ಮರಿ ಮಾಡುವುದೇನಿದ್ದರೂ ಬೇಸಿಗೆಯಲ್ಲಿ, ತನ್ನ ಊರಿಗೆ ವಾಪಸ್ ಹೋದ ಮೇಲೆ. ಇಲ್ಲಿ ಗೂಡು ಕಟ್ಟಿ ಮರಿಗೆ ಮೀನು ತಿನ್ನಿಸುತ್ತಿದೆ ಅಂದರೆ ಅದು ಇಲ್ಲಿಯದೇ.

ಗೊಂದಲ ಹುಟ್ಟುವುದಕ್ಕೂ ಕಾರಣವಿದೆ. ಜೂನ್ ಹೊತ್ತಿಗೆ ಮರಿಗಳು ಬಲಿತು, ಬೆಳ್ಳೂರಿನ ಮರಗಳು ಖಾಲಿಯಾಗುತ್ತವೆ. ಹಕ್ಕಿಗಳು ಬೇರೆ ಬೇರೆ ಕೆರೆ, ಹಿನ್ನೀರುಗಳಿಗೆ ಚದುರುತ್ತವೆ. ಚಳಿಗಾಲಕ್ಕೆ ಮತ್ತೆ ಕಾಣಿಸಿಕೊಂಡಾಗ "ವಿದೇಶಿ ಅತಿಥಿಗಳ ಆಗಮನ" ಎಂದು ಫೋಟೊ ಅಚ್ಚಾಗುತ್ತದೆ. ಬೆಳ್ಳೂರಿನವರಿಗೆ ಈ ಗೊಂದಲವಿಲ್ಲ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದ ಹಾಗೆ ಅನ್ನುತ್ತಾರೆ ಅವರು. ಅತಿಥಿ ಅನ್ನುವುದಿಲ್ಲ, ಮನೆಮಗಳು ಅನ್ನುತ್ತಾರೆ. ಅವರ ಮಾತೇ ಸರಿ.

ಹೆಸರಿನಲ್ಲೇ ಸೈಬೀರಿಯಾ ಇರುವ ಸೈಬೀರಿಯನ್ ಕ್ರೇನ್‌ನ ಕಥೆ ಬೇರೆ. ಅದು ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 2002ರ ನಂತರ ಅಲ್ಲಿಗೂ ಬಂದಿಲ್ಲ.

ಹಾಗಾದರೆ ಸೈಬೀರಿಯಾದಿಂದ ಯಾವುದೂ ಬರುವುದಿಲ್ವಾ? ಬರುತ್ತವೆ, ಅದೂ ನಿಮ್ಮ ಕಾಂಪೌಂಡಿಗೇ. ಬೆಳಿಗ್ಗೆ ದಾಸವಾಳದ ಬೇಲಿ ಹತ್ತಿರ ಸುಮ್ನೆ ನಿಂತುಕೊಳ್ಳಿ. ಒಳಗಿನಿಂದ "ಟಕ್... ಟಕ್" ಅಂತ ಒಣ ಸದ್ದು ಬರುತ್ತದೆ. ಎಲೆ ಅಲ್ಲಾಡುತ್ತದೆ, ಹಕ್ಕಿ ಕಾಣುವುದಿಲ್ಲ. ತಾಳ್ಮೆಯಿಂದ ಕಾದರೆ ಮಣ್ಣು ಬಣ್ಣದ ಒಂದು ಪುಟ್ಟ ಹಕ್ಕಿ ಕೊಂಬೆಯಿಂದ ಕೊಂಬೆಗೆ ನುಸುಳಿ ಹುಳ ಹೆಕ್ಕುವುದು ಕಾಣುತ್ತದೆ. ಬ್ಲೈತ್ಸ್ ರೀಡ್ ವಾರ್ಬ್ಲರ್. ತೂಕ 10-12 ಗ್ರಾಂ. ಫಿನ್‌ಲೆಂಡ್‌ನಿಂದ ಸೈಬೀರಿಯಾದವರೆಗಿನ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತದೆ. ಹಕ್ಕಿ ದೊಡ್ಡದಾದಷ್ಟೂ ದೂರದಿಂದ ಬಂದಿರಬೇಕು ಎಂದುಕೊಂಡು ಜನ ಹೆಜ್ಜಾರ್ಲೆ ನೋಡಲು ಹೊರಡುವಾಗ, ಗೇಟಿನ ಪಕ್ಕದಲ್ಲೇ ಇದನ್ನು ದಾಟಿ ಹೋಗುತ್ತಾರೆ. ನನಗೆ ಬೇಸರವಾಗುವುದು ಅದಕ್ಕೇ.

ದೊಡ್ಡ ವಲಸೆ ಹಕ್ಕಿಯನ್ನೇ ನೋಡಬೇಕೆಂದರೆ ಪಟ್ಟೆತಲೆ ಹೆಬ್ಬಾತು ಇದೆ. ಮಂಗೋಲಿಯಾ, ಟಿಬೆಟ್ ಕಡೆಯದು, ಹಿಮಾಲಯ ದಾಟಿ ಬರುತ್ತದೆ. ಮೈಸೂರಿನವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಹತ್ತಿರ. ಗದಗ ಕಡೆಯವರಿಗೆ ಮಾಗಡಿ ಕೆರೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆರೆ ತುಂಬಿ ತುಳುಕುತ್ತಿದ್ದರೆ ಹಕ್ಕಿ ಜಾಸ್ತಿ ಇರುತ್ತವೆ ಅಂದುಕೊಳ್ಳಬೇಡಿ. ಗದ್ದೆಗೊರವ ಎಂಬ ಸಣ್ಣ ನೀರುಹಕ್ಕಿಯೂ ಉತ್ತರದ ಜೌಗು ನೆಲದಿಂದ, ಸೈಬೀರಿಯಾ ಕಡೆಯಿಂದಲೂ ಬರುವಂಥದ್ದೇ. ಅದು ಕಾಲು ಮುಳುಗುವಷ್ಟು ನೀರಿನಲ್ಲಿ ನಡೆಯುತ್ತಾ, ಕೆಸರಿಗೆ ಕೊಕ್ಕು ಚುಚ್ಚಿ ಹುಳ ತೆಗೆಯುತ್ತದೆ. ಸೂಜಿಬಾಲದ ಬಾತು ನೀರಿನಲ್ಲಿ ತಲೆ ಕೆಳಗೆ, ಬಾಲ ಮೇಲೆ ಮಾಡಿ ಮೇಯುತ್ತದೆ. ಕುತ್ತಿಗೆಗೆ ಎಟುಕುವಷ್ಟು ಆಳವಿದ್ದರೆ ಮಾತ್ರ ಅದಕ್ಕೆ ಊಟ. ಈಗ ಕೆರೆ ಅಭಿವೃದ್ಧಿ ಅಂದರೆ ಹೂಳೆತ್ತಿ ಬಟ್ಟಲು ಮಾಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಹಾಕುವುದು. ಕಲ್ಲಿನಿಂದ ಒಂದು ಹೆಜ್ಜೆ ಇಳಿದರೆ ಆಳ. ಅಲ್ಲಿ ಹೆಜ್ಜಾರ್ಲೆಗೆ ಮೀನು ಸಿಗಬಹುದು, ನೀರುಕಾಗೆಗೂ ಸಿಗಬಹುದು. ಗೊರವಕ್ಕೆ ಕಾಲೂರಲು ಜಾಗವೇ ಇಲ್ಲ. ಸೈಬೀರಿಯಾ ಹಕ್ಕಿ ಬರಲಿ ಅಂತ ಆಸೆಪಡುವ ನಾವೇ ಅದರ ಊಟದ ಜಾಗಕ್ಕೆ ಕಲ್ಲು ಹಾಸುತ್ತಿದ್ದೇವೆ.

ಆದ್ದರಿಂದ ಮಕ್ಕಳನ್ನು ಊರಾಚೆಯ ಅರ್ಧ ಬತ್ತಿದ ಕೆರೆಗೂ ಒಮ್ಮೆ ಕರೆದುಕೊಂಡು ಹೋಗಿ. ಫೆಬ್ರವರಿಯಾದರೆ ಇನ್ನೂ ಒಳ್ಳೆಯದು, ನೀರು ಇಳಿದು ಕೆಸರಿನ ಅಂಚು ಅಗಲವಾಗಿರುತ್ತದೆ. ಏಪ್ರಿಲ್ ತನಕ ಕಾಯಬೇಡಿ, ಅಷ್ಟರಲ್ಲಿ ಹೆಚ್ಚಿನವು ಹೊರಟಿರುತ್ತವೆ. ನಿಮ್ಮ ಬಡಾವಣೆಯ ಕೆರೆಗೆ ಸಮಿತಿ ಇದ್ದರೆ ಮುಂದಿನ ಸಭೆಯಲ್ಲಿ ಇದೊಂದನ್ನು ಕೇಳಿ: ಒಂದು ಬದಿಯ ದಂಡೆಗಾದರೂ ಕಲ್ಲು ಹಾಕದೆ, ಇಳಿಜಾರಾಗಿ, ಕೆಸರಾಗಿಯೇ ಬಿಡಿ ಅಂತ.