ಹೊಟ್ಟೆ ಕಟ್ಟಿದಾಗ, ಚೂರ್ಣದ ಡಬ್ಬಿ ತೆರೆಯುವ ಮುನ್ನ

ಮೆಡಿಕಲ್ ಶಾಪಿಗೆ ಬಂದವರು ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಮೋಷನ್ ಸರಿಯಾಗಿ ಆಗ್ತಿಲ್ಲ, ಏನಾದ್ರೂ ಕೊಡಿ" ಅನ್ನುತ್ತಾರೆ. ಅಂಗಡಿಯವರು ಒಂದು ಚೂರ್ಣದ ಡಬ್ಬಿ ಮುಂದಿಡುತ್ತಾರೆ. ಡಾಕ್ಟರ ಚೀಟಿ ಬೇಡ. ಆಯುರ್ವೇದ ತಾನೇ, ಏನೂ ಆಗಲ್ಲ ಅನ್ನುವ ಧೈರ್ಯ. ಆದರೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಇಂಥ ಅನೇಕ ಚೂರ್ಣಗಳಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಒಂದೇ: ಸೋನಾಮುಖಿ ಎಲೆ. ಕೆಲವು ಡಬ್ಬಿಗಳ ಮೇಲೆ ಸ್ವರ್ಣಪತ್ರಿ ಅಂತಿರುತ್ತದೆ, ಕೆಲವದರ ಮೇಲೆ ಸೆನ್ನಾ.

ಸೋನಾಮುಖಿ ನಿಜವಾದ ಔಷಧಿ, ಅನುಮಾನವೇ ಬೇಡ. ಅಲೋಪತಿ ಡಾಕ್ಟರೂ ಇದನ್ನೇ ಮಾತ್ರೆಯಾಗಿ ಬರೆದುಕೊಡುತ್ತಾರೆ. ಎಲೆಯಲ್ಲಿರುವ ಸೆನ್ನೊಸೈಡ್ ಎಂಬ ರಾಸಾಯನಿಕ ಜೀರ್ಣವಾಗದೆ ದೊಡ್ಡ ಕರುಳು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಬೇರೆ ರೂಪಕ್ಕೆ ತರುತ್ತವೆ. ಆ ಹೊಸ ರೂಪ ಕರುಳಿನ ಗೋಡೆಯನ್ನು ಕೆಣಕಿ ಹಿಂಡುವಂತೆ ಮಾಡುತ್ತದೆ. ಇಷ್ಟಕ್ಕೆ 6ರಿಂದ 12 ಗಂಟೆ ಬೇಕು. ರಾತ್ರಿ ತಗೊಂಡರೆ ಬೆಳಗ್ಗೆ ಕೆಲಸ ಆಗುವುದು ಇದರಿಂದಲೇ.

ಎಡವಟ್ಟು ಆಗುವುದು ಮರುದಿನ. ಕರುಳು ಒಮ್ಮೆಲೇ ಖಾಲಿಯಾದ ಮೇಲೆ ಹೊರಬರಲು ಏನೂ ಉಳಿದಿರುವುದಿಲ್ಲ. ಮತ್ತೆ ತುಂಬಲು ಒಂದೆರಡು ದಿನ ಬೇಕು. ಅಷ್ಟು ಕಾಯುವವರು ಯಾರು? "ನಿನ್ನೆ ಆಯ್ತು, ಇವತ್ತು ಮತ್ತೆ ಕಟ್ಕೊಂಡಿತು" ಅಂತ ಇನ್ನೊಂದು ಚಮಚ. ಹೀಗೆ ವರ್ಷಗಟ್ಟಲೆ ಸಾಗುತ್ತದೆ. ಅತಿಯಾದರೆ ಹೊಟ್ಟೆ ನುಲಿಯುತ್ತದೆ, ಭೇದಿಯಾಗಿ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅಷ್ಟಕ್ಕೂ ದಿನಾ ಆಗಲೇಬೇಕು ಅನ್ನುವ ನಿಯಮವೇ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೂ ಸಹಜವೇ. ನೋಡಬೇಕಾದದ್ದು ಬೇರೆ. ತಿಣುಕಬೇಕಾ? ಆಡಿನ ಹಿಕ್ಕೆಯಂತೆ ಗಟ್ಟಿ ಉಂಡೆ ಬರುತ್ತಾ? ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನ್ನಿಸುತ್ತಾ? ಇದು ತಿಂಗಳುಗಟ್ಟಲೆ ನಡೆದರೆ ಅದು ಹಳೇ ಮಲಬದ್ಧತೆ.

ಗಟ್ಟಿಯಾಗುವುದು ಹೇಗೆ? ದೊಡ್ಡ ಕರುಳಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ನೀರಾದ ಪದಾರ್ಥ ಬರುತ್ತದೆ. ಮಲದ ಜೊತೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನೆಲ್ಲ ಕರುಳು ಹೀರಿಕೊಳ್ಳುತ್ತದೆ. ಮಲ ಹೆಚ್ಚು ಹೊತ್ತು ಒಳಗೇ ನಿಂತರೆ ಇನ್ನೂ ಹೀರುತ್ತದೆ.

ಹೆಚ್ಚು ಹೊತ್ತು ನಿಲ್ಲುವುದಕ್ಕೆ ಒಂದು ದೊಡ್ಡ ಕಾರಣ, ನಾವೇ ತಡೆದುಕೊಳ್ಳುವುದು. ಚರಕಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ ಶುರುವಾಗುವುದೇ ಈ ವಿಷಯದಿಂದ. ತಡೆಯಬಾರದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಅಲ್ಲಿ ಪಟ್ಟಿ ಮಾಡಿದ್ದಾರೆ. ಮೊದಲನೆಯದು ಮೂತ್ರ, ಎರಡನೆಯದೇ ಮಲ. ತಡೆದರೆ ಹೊಟ್ಟೆನೋವು, ತಲೆನೋವು, ಹೊಟ್ಟೆಯುಬ್ಬರ, ವಾಯು ಕಟ್ಟುವುದು, ಮೀನಖಂಡದಲ್ಲಿ ಸೆಳೆತ ಎಂದಿದೆ. ತಲೆನೋವು, ಮೀನಖಂಡದ ಮಾತು ಬಿಟ್ಟರೂ ಉಳಿದದ್ದನ್ನು ಇವತ್ತಿನ ಡಾಕ್ಟರೂ ಒಪ್ಪುತ್ತಾರೆ. ಗುದನಾಳ ತುಂಬಿದಾಗ ನರಗಳು ಸೂಚನೆ ಕೊಡುತ್ತವೆ. ನಾವು ಬಿಗಿ ಹಿಡಿದರೆ ಸ್ವಲ್ಪ ಹೊತ್ತಿಗೆ ಆ ಸೂಚನೆ ಅಡಗುತ್ತದೆ. ಇದೇ ರೂಢಿಯಾದರೆ ಗುದನಾಳ ಹಿಗ್ಗುತ್ತದೆ, ಸೂಚನೆಯೇ ಮಂದವಾಗುತ್ತದೆ.

ತಡೆದುಕೊಳ್ಳುವವರು ಯಾರು? ಬೆಳಗಿನ ಮೊದಲ ಬಸ್ಸಿಗೆ ಓಡುವವರು, ಇಡೀ ದಿನ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸರು, ಶಾಲೆಯ ಟಾಯ್ಲೆಟ್ಟಿಗೆ ಕಾಲಿಡಲು ಹೇಸುವ ಹುಡುಗಿಯರು. ಇವರಿಗೆ ನಾರು ತಿನ್ನಿ ಅಂತ ಉಪದೇಶ ಮಾಡುವ ಮೊದಲು ನೀರಿರುವ, ಚಿಲಕ ಇರುವ ಒಂದು ಕಕ್ಕಸು ಕೊಡಬೇಕು.

ಕರುಳು ಚುರುಕಾಗಿರುವುದು ಬೆಳಗ್ಗೆ ಎದ್ದ ಮೇಲೆ. ಹೊಟ್ಟೆಗೆ ಏನಾದರೂ ಬಿದ್ದ ತಕ್ಷಣ ದೊಡ್ಡ ಕರುಳು ಹಿಂಡಲು ಶುರು ಮಾಡುತ್ತದೆ. "ಕಾಫಿ ಕುಡೀದೆ ನಂಗೆ ಆಗಲ್ಲ" ಅನ್ನುವವರನ್ನು ನಗಬೇಡಿ. ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ಕೆಲವರ ಕರುಳಿನ ಕೊನೆಯ ಭಾಗ ಚಲಿಸುವುದನ್ನು ಅಳತೆ ಮಾಡಿ ನೋಡಿದ್ದಾರೆ. ಹಾಗಾಗಿ ತಿಂಡಿಯಾದ ಅರ್ಧ ಗಂಟೆಯೊಳಗೆ, ದಿನಾ ಅದೇ ಹೊತ್ತಿಗೆ, ಒಂದು ಹತ್ತು ನಿಮಿಷ ಕೂತು ಬನ್ನಿ. ಮೊಬೈಲ್ ಹೊರಗಿರಲಿ. ಕಮೋಡ್ ಆದರೆ ಪಾದದ ಕೆಳಗೆ ಒಂದು ಗಿಡ್ಡ ಸ್ಟೂಲ್ ಇಡಿ, ಸ್ವಲ್ಪ ಮುಂದೆ ಬಾಗಿ. ಗುದನಾಳವನ್ನು ಬಳಸಿ ಹಿಡಿದಿರುವ ಒಂದು ಸ್ನಾಯು ಇದೆ, ಕುಕ್ಕರುಗಾಲಲ್ಲಿ ಕೂತಾಗ ಅದು ಸಡಿಲವಾಗಿ ದಾರಿ ನೇರವಾಗುತ್ತದೆ.

ಊಟದ ವಿಷಯಕ್ಕೆ ಬಂದರೆ ನಮ್ಮ ರಾಗಿ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಬಸ್ಸಾರು, ಹುರುಳಿ, ಸೀಬೆಹಣ್ಣು ಇದ್ದರೆ ಆಯ್ತು. ಆದರೆ ಒಂದೇ ಸಲ ಜಾಸ್ತಿ ಮಾಡಿದರೆ ಗ್ಯಾಸ್ ಗ್ಯಾರಂಟಿ. ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ. ನೀರು ಬೇಕು, ನಿಜ. ಸುಮ್ನೆ ಲೀಟರುಗಟ್ಟಲೆ ಕುಡಿದರೆ ಮಾತ್ರ ಅದು ಮೂತ್ರವಾಗಿ ಹೋಗುತ್ತದೆ ಅಷ್ಟೆ. ನೀರನ್ನು ಹಿಡಿದಿಡಲು ಒಳಗೆ ನಾರು ಇರಬೇಕು.

ಇಸಬಗೋಲು ಮಾಡುವುದೂ ಇದನ್ನೇ. ಒಂದು ಚಮಚ ಹೊಟ್ಟನ್ನು ಲೋಟ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಗಂಜಿಯಂತೆ ಗಟ್ಟಿಯಾಗಿ ಲೋಳೆ ಲೋಳೆ ಆಗುತ್ತದೆ. ಕರುಳಿನಲ್ಲೂ ಹಾಗೆಯೇ ನೀರು ಹಿಡಿದು ಮಲವನ್ನು ಮೆತ್ತಗಿಡುತ್ತದೆ. ಕರುಳನ್ನು ಕೆಣಕುವುದಿಲ್ಲ, ಹಾಗಾಗಿ ದಿನಾ ತಗೊಳ್ಳಲು ಸೋನಾಮುಖಿಗಿಂತ ಇದೇ ವಾಸಿ. ಫಲ ಕಾಣಲು ಎರಡು ಮೂರು ದಿನ ಬೇಕು. ಒಣಗಿದ್ದನ್ನೇ ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ.

ಇನ್ನು ತ್ರಿಫಲಾ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿಯ ಪುಡಿ. ಇದರ ಮೇಲೆ ನಡೆದ ಪ್ರಯೋಗಗಳು ಚಿಕ್ಕವು, ಇಸಬಗೋಲಿಗೆ ಇರುವಷ್ಟು ಸಾಕ್ಷಿ ಇಲ್ಲ. ಕೆಲವರಿಗೆ ಸಲೀಸಾಗಿ ಕೆಲಸ ಮಾಡುತ್ತದೆ, ಕೆಲವರಿಗೆ ಏನೇನೂ ಆಗಲ್ಲ. ಚರಕ ಇದನ್ನೂ ಗಮನಿಸಿದ್ದ. ಬೆಲ್ಲ, ಕಬ್ಬಿನಹಾಲು, ಹಾಲು, ದ್ರಾಕ್ಷಿರಸ, ತ್ರಿಫಲಾ ರಸ, ಬರೀ ಬಿಸಿನೀರು ಕುಡಿದರೂ ಭೇದಿಯಾಗುವವರು ಮೃದುಕೋಷ್ಠದವರು, ಅಂದರೆ ಮೆತ್ತನೆ ಹೊಟ್ಟೆಯವರು. ಕ್ರೂರಕೋಷ್ಠದವರಿಗೆ, ಅಂದರೆ ಗಟ್ಟಿ ಹೊಟ್ಟೆಯವರಿಗೆ, ಇವು ಯಾವುವೂ ನಾಟುವುದಿಲ್ಲ ಎನ್ನುತ್ತಾನೆ. ಪಕ್ಕದ ಮನೆಯವರ ಮದ್ದು ನಿಮಗೆ ಹತ್ತದಿದ್ದರೆ ಪ್ರಮಾಣ ಏರಿಸುತ್ತಾ ಹೋಗಬೇಡಿ.

ಹರಳೆಣ್ಣೆ ಮಾತ್ರ ಜೋರು ಮದ್ದು, ದಿನನಿತ್ಯಕ್ಕಲ್ಲ. ಅದರಲ್ಲಿನ ರಿಸಿನೋಲಿಯಿಕ್ ಆಮ್ಲ ಕರುಳಿನ ಸ್ನಾಯುವನ್ನೂ ಗರ್ಭಕೋಶದ ಸ್ನಾಯುವನ್ನೂ ಜೀವಕೋಶದ ಒಂದೇ ಗ್ರಾಹಕದ (ರಿಸೆಪ್ಟರ್) ಮೂಲಕ ಹಿಂಡಿಸುತ್ತದೆ ಎಂದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಬಸುರಿಯರು ಇದರ ತಂಟೆಗೆ ಹೋಗಬಾರದು.

ಯಾವ ಪುಡಿಗೂ ಬಗ್ಗದ ಮಲಬದ್ಧತೆಯೂ ಇದೆ. ಕೆಲವರು ತಿಣುಕುವಾಗ ಸಡಿಲ ಬಿಡಬೇಕಾದ ಸ್ನಾಯುವನ್ನೇ ಬಿಗಿ ಹಿಡಿಯುತ್ತಾರೆ, ತಮಗೇ ಗೊತ್ತಿಲ್ಲದೆ. ಅವರಿಗೆ ಬೇಕಾದದ್ದು ಬಯೋಫೀಡ್‌ಬ್ಯಾಕ್ ಎಂಬ ತರಬೇತಿ. ಕಬ್ಬಿಣಾಂಶದ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ಬಿಪಿ ಮಾತ್ರೆಗಳೂ ಹೊಟ್ಟೆ ಕಟ್ಟಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ ಹೀಗಾಗುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಚೂರ್ಣ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಊದಿ, ವಾಂತಿಯಾಗಿ, ವಾಯುವೂ ಹೋಗದಿದ್ದರೆ ಅದೇ ದಿನ, ಆಸ್ಪತ್ರೆಗೇ.