ರಿಪೋರ್ಟ್‌ನಲ್ಲಿ ವೈರಸ್ ಇಲ್ಲ, ಮತ್ತೆ ಗುಳಿಗೆ ಯಾಕೆ?

"ಮೇಡಂ, ವೈರಸ್ ಇಲ್ಲಂತ ಬರದೈತಿ. ಮತ್ಯಾಕ್ರೀ ಗುಳಿಗಿ?"

ಎಚ್‌ಐವಿ ಇರುವವರ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ವೈರಲ್ ಲೋಡ್ ರಿಪೋರ್ಟ್ ಬಂದ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೆ ಮನೆಗೆ ಹೋಗಿ ಗುಳಿಗೆ ಬಿಟ್ಟವರ ಮೇಲೆ ಸಿಟ್ಟು ಬರುತ್ತದೆ, ಅದಕ್ಕಿಂತ ಜಾಸ್ತಿ ಸಂಕಟವಾಗುತ್ತದೆ. ಬಾಗಲಕೋಟೆ ಕಡೆಯ ರೈತರೊಬ್ಬರು ಹೀಗೇ ಮಾಡಿದರು. ಆರು ವರ್ಷ ಒಂದು ದಿನ ತಪ್ಪಿಸದೆ ತಗೊಂಡವರು. ಎರಡು ಸಲ 'ಟಿಎನ್‌ಡಿ' ಬಂತು, ಅಂದರೆ ವೈರಸ್ ಸಿಗಲಿಲ್ಲ ಅಂತ. ಆರಾಮಾಯಿತು ಅಂದುಕೊಂಡು ಬಿಟ್ಟರು. ನಾಲ್ಕು ತಿಂಗಳ ಮೇಲೆ ಬಂದಾಗ ಅಂಗಿ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ನಾಲಿಗೆ ತುಂಬ ಬಿಳಿ ಪೊರೆ. ರೊಟ್ಟಿ ನುಂಗಲು ಆಗುತ್ತಿರಲಿಲ್ಲ. ವೈರಲ್ ಲೋಡ್ ಲಕ್ಷ ದಾಟಿತ್ತು.

"ಲ್ಯಾಬಿನವ್ರು ಸುಳ್ಳ ಬರದಿದ್ರೇನ್ರೀ?" ಅಂದರು.

ಲ್ಯಾಬಿನವರು ನಿಜವನ್ನೇ ಬರೆದಿದ್ದರು. ಆ ಪರೀಕ್ಷೆ ಹುಡುಕುವುದು ರಕ್ತದಲ್ಲಿ ಓಡಾಡುವ ವೈರಸ್ಸನ್ನು. ಜೀವಕೋಶದೊಳಗೆ ಸುಮ್ನೆ ಕೂತದ್ದು ಅದಕ್ಕೆ ಕಾಣುವುದಿಲ್ಲ.

ಸುಮ್ನೆ ಕೂರುವುದು ಅಂದರೇನು? ಇಲ್ಲೇ ಎಲ್ಲರೂ ಎಡವುತ್ತಾರೆ. ಎಚ್‌ಐವಿ ರೋಗದ ವಿರುದ್ಧ ಕಾಯುವ ನಮ್ಮ ಸಿಡಿ4 ಕೋಶದೊಳಗೆ ಹೋಗಿ ತನ್ನ ಜೀನುಗಳನ್ನು ನಮ್ಮ ಡಿಎನ್‌ಎಗೆ ಹೊಲಿದುಬಿಡುತ್ತದೆ. ಆ ಜೀನುಗಳನ್ನು ಓದಿದರೆ ಮಾತ್ರ ಹೊಸ ವೈರಸ್ ತಯಾರಾಗುತ್ತದೆ. ಆದರೆ ಓದಿಸುವ ಸಾಮಾನು ಅದರ ಹತ್ತಿರ ಇಲ್ಲ. ಅದರ ಆಸ್ತಿಯೇ 9 ಜೀನು. ಓದುವುದಕ್ಕೆ ನಮ್ಮ ಕೋಶದ ಪ್ರೊಟೀನುಗಳೇ ಬೇಕು.

ಅವುಗಳಲ್ಲಿ ಒಂದು ಎನ್‌ಎಫ್ ಕಪ್ಪಾ ಬಿ. ಸೋಂಕು ಬಂದಾಗ ಕೋಶದ ಜೀನುಗಳನ್ನು ಚುರುಕು ಮಾಡುವ ಪ್ರೊಟೀನು ಇದು. ಕೋಶ ಮಲಗಿದ್ದಾಗ ನ್ಯೂಕ್ಲಿಯಸ್‌ನ ಹೊರಗೆ ಇನ್ನೊಂದು ಪ್ರೊಟೀನು ಇದನ್ನು ಕಟ್ಟಿಹಾಕಿರುತ್ತದೆ. ಕೋಶ ಎದ್ದರೆ ಕಟ್ಟು ಬಿಚ್ಚುತ್ತದೆ. ಇದು ಒಳಗೆ ಹೋಗಿ ವೈರಸ್ ಜೀನುಗಳ ಬಾಗಿಲಲ್ಲೂ ಕೂತು ಓದು ಶುರು ಮಾಡಿಸುತ್ತದೆ. ನಮ್ಮ ದೇಶದಲ್ಲಿ ಜಾಸ್ತಿ ಇರುವ ಸಿ ಬಗೆಯ ವೈರಸ್ಸಿನಲ್ಲಿ ಹೀಗೆ ಕೂರಲು ಸಾಮಾನ್ಯವಾಗಿ 3 ಜಾಗಗಳಿವೆ. ಅಮೆರಿಕ, ಯುರೋಪ್ ಕಡೆಯ ಬಿ ಬಗೆಯಲ್ಲಿ 2. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳು 4 ಜಾಗವಿರುವ ವೈರಸ್ಸನ್ನೂ ನಮ್ಮವರಲ್ಲಿ ಕಂಡಿದ್ದಾರೆ. ಹಾಗಂತ ನಮ್ಮವರಿಗೆ ಗುಳಿಗೆ ಕಡಿಮೆ ಕೆಲಸ ಮಾಡುತ್ತದೆ ಅಂತ ಅರ್ಥವಲ್ಲ. ದಯವಿಟ್ಟು ಗಾಬರಿಯಾಗಬೇಡಿ.

ಓದು ಶುರುವಾದರೂ ಜೀನಿನ ಸುಮಾರು 60 ಅಕ್ಷರಕ್ಕೆ ನಿಂತುಬಿಡುತ್ತದೆ. ಇನ್ನೂ 9 ಸಾವಿರ ಬಾಕಿ ಇರುತ್ತವೆ. ಆಗ ವೈರಸ್ಸಿನ 'ಟ್ಯಾಟ್' ಅನ್ನುವ ಪ್ರೊಟೀನು ನಮ್ಮ ಸೈಕ್ಲಿನ್ ಟಿ1 ಮತ್ತು ಸಿಡಿಕೆ9 ಜೋಡಿಯನ್ನು ಹಿಡಿದು ತರುತ್ತದೆ. ನಿಂತ ಓದನ್ನು ಮುಂದಕ್ಕೆ ತಳ್ಳುವುದು ಆ ಜೋಡಿ. ಇಲಿಯ ಸೈಕ್ಲಿನ್ ಟಿ1ರಲ್ಲಿ 261ನೇ ಜಾಗದ ಒಂದು ಅಮೈನೋ ಆಮ್ಲ ಬೇರೆ. ಅಷ್ಟಕ್ಕೇ ಟ್ಯಾಟ್ ಅಲ್ಲಿ ಸೋಲುತ್ತದೆ! ನಾನು ಇದನ್ನು ಮೊದಲ ಸಲ ಓದಿದ ದಿನ ತುಂಬ ಹೊತ್ತು ಇದನ್ನೇ ಯೋಚಿಸುತ್ತಿದ್ದೆ.

ಈಗ ಮಲಗಿರುವ ಕೋಶ ನೋಡಿ. ಕಪ್ಪಾ ಬಿ ಕಟ್ಟಿನಲ್ಲಿದೆ. ಸೈಕ್ಲಿನ್ ಟಿ1 ತೀರಾ ಕಡಿಮೆ. ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿದೆ. ವೈರಸ್ ಜೀನು ಅಲ್ಲೇ ಇದೆ, ಓದುವವರಿಲ್ಲ. ಎಚ್‌ಐವಿಗೆ ಕೊಡುವ, ಮೂರು ಔಷಧಿ ಸೇರಿದ ಟಿಎಲ್‌ಡಿ ಗುಳಿಗೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ವೈರಸ್ ತನ್ನ ಡಿಎನ್‌ಎ ಮಾಡಿಕೊಳ್ಳದಂತೆ ತಡೆಯುತ್ತವೆ. ಡೊಲುಟೆಗ್ರಾವಿರ್ ಹೊಲಿಗೆಯನ್ನು ತಡೆಯುತ್ತದೆ. ಆಗಲೇ ಹೊಲಿದದ್ದನ್ನು ಬಿಚ್ಚುವುದು ಮೂರಕ್ಕೂ ಆಗದು. ಮತ್ತೆ ಹೇಳುತ್ತೇನೆ, ಆಗಲೇ ಹೊಲಿದದ್ದನ್ನು ಬಿಚ್ಚುವುದು ಆಗದು.

ಇಷ್ಟು ಕೇಳಿ ಆ ರೈತರು, "ಕರಕಿ ಇದ್ದಂಗ ಅನ್ರೀ. ಬ್ಯಾಸಗ್ಯಾಗ ಹೊಲ ಹಸನ ಕಾಣತೈತಿ, ಒಂದ ಮಳಿಗೆ ಮತ್ತ ಏಳತೈತಿ" ಅಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಒಂದು ತಿದ್ದುಪಡಿ ಮಾತ್ರ ಮಾಡಿದೆ. ಇಲ್ಲಿ ಇಡೀ ಹೊಲಕ್ಕೆ ಮಳೆ ಬೇಕಿಲ್ಲ. ಹೀಗೆ ಜೀವಂತ ವೈರಸ್ ಇಟ್ಟುಕೊಂಡು ಮಲಗಿರುವುದು ಸುಮಾರು 10 ಲಕ್ಷ ಸಿಡಿ4 ಕೋಶಗಳಿಗೆ ಒಂದು. ಅಂಥವು ಅಲ್ಲೊಂದು ಇಲ್ಲೊಂದು ಏಳುತ್ತಲೇ ಇರುತ್ತವೆ. ಎದ್ದ ಕೋಶದಿಂದ ಹೊರಬಂದ ವೈರಸ್ ಪಕ್ಕದ ಕೋಶದಲ್ಲಿ ಬೇರೂರದಂತೆ ಗುಳಿಗೆ ಕಾಯುತ್ತದೆ. ಬಿಟ್ಟರೆ ಹೆಚ್ಚಿನವರಲ್ಲಿ 2ರಿಂದ 4 ವಾರದಲ್ಲಿ ವೈರಸ್ ರಕ್ತಕ್ಕೆ ವಾಪಸ್. ಕೆಲವೇ ಕೆಲವರಲ್ಲಿ ಜಾಸ್ತಿ ದಿನ ಹಿಡಿಯಬಹುದು. ಅಮೆರಿಕದ ಮಿಸಿಸಿಪ್ಪಿಯಲ್ಲಿ 2010ರಲ್ಲಿ ಹುಟ್ಟಿದ ಮಗುವಿನಲ್ಲಿ ಔಷಧಿ ನಿಂತ ಮೇಲೂ 27 ತಿಂಗಳು ಸಿಗಲಿಲ್ಲ. 2014ರಲ್ಲಿ ಮರಳಿ ಬಂತು.

"ಹತ್ತು ವರ್ಷ ತಗೊಂಡ್ರೆ ತಾನೇ ಸಾಯಲ್ವಾ?" ಅಂತಲೂ ಕೇಳುತ್ತಾರೆ. ಈ ಮಲಗಿದ ಕೋಶಗಳು ಅರ್ಧಕ್ಕೆ ಇಳಿಯಲು ಸುಮಾರು 44 ತಿಂಗಳು ಬೇಕು. ಆ ಲೆಕ್ಕದಲ್ಲಿ ಪೂರ್ತಿ ಖಾಲಿಯಾಗಲು 70 ವರ್ಷ ದಾಟುತ್ತದೆ. ಬೇಕಂತಲೇ ಎಬ್ಬಿಸಿ ಕೊಲ್ಲುವ ಪ್ರಯತ್ನವೂ ನಡೆದಿದೆ. 2012ರಲ್ಲಿ ವೊರಿನೊಸ್ಟಾಟ್ ಅನ್ನುವ ಕ್ಯಾನ್ಸರ್ ಔಷಧಿ ಕೊಟ್ಟಾಗ ವೈರಸ್ ಜೀನು ಎದ್ದದ್ದು ಕಂಡಿತು. ಎದ್ದ ಕೋಶಗಳು ಮಾತ್ರ ಸಾಯಲಿಲ್ಲ.

ಗುಳಿಗೆ ಆಗಲೇ ಬಿಟ್ಟಿದ್ದರೆ ನಾಚಿಕೆ ಪಡದೆ, ಎಚ್‌ಐವಿ ಔಷಧಿ ಕೊಡುವ ನಿಮ್ಮ ಎಆರ್‌ಟಿ ಕೇಂದ್ರಕ್ಕೆ ಬನ್ನಿ. ಹೆಪಟೈಟಿಸ್ ಬಿ ಕೂಡ ಇರುವವರು ತಡ ಮಾಡಲೇಬೇಡಿ. ಟೆನೊಫೊವಿರ್ ನಿಂತರೆ ಲಿವರ್‌ಗೆ ಪೆಟ್ಟು ಬೀಳಬಹುದು.

ಆ ರೈತರಿಗೆ ಮತ್ತೆ ಟಿಎನ್‌ಡಿ ಬಂದಿದೆ. ರಿಪೋರ್ಟ್ ತಿರುಗಿಸಿ ನೋಡಿ ಕೇಳಿದರು: "ಮಲಗೈತೇನ್ರೀ?"

"ಮಲಗೈತಿ" ಅಂದೆ. ಗುಳಿಗೆ ಡಬ್ಬಿಯನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಟವೆಲ್ ಮುಚ್ಚಿಕೊಂಡು ಬಸ್ಸಿಗೆ ಹೊರಟರು.