ಇನ್ನೂರರಲ್ಲಿ ಒಂದು ಕಾರು, ಎಕ್ಸ್‌ಚೇಂಜ್‌ಗೆ ಕೊಡಬೇಕಾ?

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಅನ್ನುವ ವೇಗದ ಸೆಡಾನ್ ಭಾರತಕ್ಕೆ ಬಂದದ್ದು 2020ರಲ್ಲಿ. ಬಂದದ್ದೇ 200 ಕಾರು. ಎಕ್ಸ್ ಶೋರೂಮ್ ಬೆಲೆ 35.99 ಲಕ್ಷ ರೂಪಾಯಿ. ಆ ಕಾರುಗಳಿಗೆ ಈಗ ಐದು ವರ್ಷ ದಾಟಿದೆ. ಮನೆಯಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ, ಅಪ್ಪ ಅಮ್ಮನಿಗೆ ಹತ್ತಿ ಇಳಿಯಲು ಎತ್ತರದ ಎಸ್‌ಯುವಿ ಬೇಕು ಅನ್ನಿಸಿರುತ್ತದೆ. ಶೋರೂಮ್‌ಗೆ ಹೋದರೆ ಮೊದಲು ಬರುವ ಪ್ರಶ್ನೆ "ಹಳೇ ಗಾಡಿ ಎಕ್ಸ್‌ಚೇಂಜ್ ಇದೆಯಾ ಸರ್?"

ಹಳೇ ಕಾರುಗಳನ್ನು ತಪಾಸಣೆ ಮಾಡಿ ಬೆಲೆ ಹೇಳುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇಂಥ ಕಾರಿನ ಮಾಲೀಕರು "ಕೊಟ್ಟೇ ಬಿಡಲಾ?" ಅಂತ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ. ಕಾರು ಮಾರಬೇಕೋ ಬೇಡವೋ ಅನ್ನುವುದು ಒಂದು ತೀರ್ಮಾನ. ಯಾರಿಗೆ ಮಾರಬೇಕು ಅನ್ನುವುದು ಬೇರೆ ತೀರ್ಮಾನ. ಹೊಸ ಕಾರಿನ ಟೆಸ್ಟ್ ಡ್ರೈವ್ ಮುಗಿಸಿ, ಶೋರೂಮಿನ ಮೇಜಿನ ಮುಂದೆ ಕೂತು ಎರಡನ್ನೂ ಒಂದೇ ಏಟಿಗೆ ಮಾಡಬೇಡಿ. ಹತ್ತಾರು ಸಾವಿರ ಮಾರಾಟವಾಗುವ ಹ್ಯಾಚ್‌ಬ್ಯಾಕ್ ಆಗಿದ್ದರೆ ಪರವಾಗಿಲ್ಲ, ಅದರ ಬೆಲೆ ಎಲ್ಲರಿಗೂ ಗೊತ್ತು. 200ರಲ್ಲಿ ಒಂದಾದ ಕಾರಿಗೆ ಇದು ನಡೆಯಲ್ಲ.

ಕಾರಣ, ಎಕ್ಸ್‌ಚೇಂಜ್ ಕೌಂಟರ್ ನೋಡುವ ರೀತಿಯೇ ಬೇರೆ. ಚಿನ್ನದ ಅಂಗಡಿಗೆ ಅಜ್ಜಿಯ ಒಡವೆ ಹಾಕಿದರೆ ತೂಕ ನೋಡುತ್ತಾರೆ, ಕುಸುರಿ ಕೆಲಸಕ್ಕೆ ಕಾಸು ಕೊಡಲ್ಲ. ಇಲ್ಲೂ ಹಾಗೇ. ಮಾಡೆಲ್ ಯಾವುದು, ಯಾವ ವರ್ಷ, ಎಷ್ಟು ಕಿಲೋಮೀಟರ್, ಎಷ್ಟನೇ ಓನರ್, ಪೆಟ್ರೋಲಾ ಡೀಸೆಲ್ಲಾ. ಅಷ್ಟು ತುಂಬಿದರೆ ಒಂದು ಅಂಕಿ ಬರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಆರ್‌ಎಸ್ ಒಂದು ಹಳೇ ಪೆಟ್ರೋಲ್ ಸೆಡಾನ್ ಅಷ್ಟೇ. ಮುಂದಿನ ಚಕ್ರಗಳ ನಡುವೆ ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಸುಮ್ಮನೆ ಜಾರಿ ತಿರುಗದಂತೆ ಬಲ ಹಂಚುವ ಸಾಧನ) ಇದೆ ಅಂತ ಹೇಳಲು ಆ ಫಾರ್ಮ್‌ನಲ್ಲಿ ಜಾಗವೇ ಇರುವುದಿಲ್ಲ.

ಇದರಲ್ಲಿ ಮೋಸ ಅಂತೇನಿಲ್ಲ. ಅವರು ಆ ಕಾರನ್ನು ತಾವೇ ಇಟ್ಟುಕೊಳ್ಳುವುದು ಕಡಿಮೆ. ಬಹಳ ಸಲ ಇನ್ನೊಬ್ಬ ವ್ಯಾಪಾರಿಗೆ ದಾಟಿಸುತ್ತಾರೆ. ಆ ವ್ಯಾಪಾರಿಗೆ ಸಣ್ಣಪುಟ್ಟ ರಿಪೇರಿ ಖರ್ಚಿದೆ, ಗಿರಾಕಿ ಸಿಗುವವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಹಳೇ ಕಾರು ಮಾರುವ ನೋಂದಾಯಿತ ವ್ಯಾಪಾರಿ ತನ್ನ ಲಾಭದ ಭಾಗದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಇದೆಲ್ಲವನ್ನೂ ಕಳೆದೇ ಅವರು ನಿಮಗೆ ಬೆಲೆ ಹೇಳುವುದು. ನೀವು ಸ್ವಂತಕ್ಕೆ ಓಡಿಸಿದ ಕಾರನ್ನು ಇನ್ನೊಬ್ಬ ವ್ಯಕ್ತಿಗೆ ನೇರವಾಗಿ ಮಾರಿದರೆ ಆ ಜಿಎಸ್‌ಟಿ ಇಲ್ಲ.

ಹಾಗಾಗಿ ಶೋರೂಮ್‌ನಲ್ಲಿ ಮೂರು ಅಂಕಿಗಳನ್ನು ಬೇರೆ ಬೇರೆ ಬರೆಸಿಕೊಳ್ಳಿ. ಎಕ್ಸ್‌ಚೇಂಜ್ ಇಲ್ಲದೆ ಹೊಸ ಕಾರು ಎಷ್ಟಕ್ಕೆ ಬರುತ್ತದೆ? ಹೊಸ ಕಾರು ತಗೊಳ್ಳದಿದ್ದರೂ ಹಳೇ ಕಾರಿಗೆ ಎಷ್ಟು ಕೊಡುತ್ತಾರೆ? ಎಕ್ಸ್‌ಚೇಂಜ್ ಬೋನಸ್ ಎಷ್ಟು? ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳೇ ಕಾರಿಗೆ 16 ಲಕ್ಷ, ಬೋನಸ್ 1 ಲಕ್ಷ ಅಂದರು. ಎಕ್ಸ್‌ಚೇಂಜ್ ಬೇಡ ಅಂದರೆ 60 ಸಾವಿರ ಕ್ಯಾಶ್ ಡಿಸ್ಕೌಂಟ್ ಕೊಡುತ್ತಾರೆ. ಆಗ ಬೋನಸ್‌ನಿಂದ ನಿಜಕ್ಕೂ ಜಾಸ್ತಿ ಸಿಕ್ಕಿದ್ದು 40 ಸಾವಿರ ಮಾತ್ರ. ನಿಮ್ಮ ಕಾರಿಗೆ ಅವರು ಕೊಟ್ಟ ಅಸಲಿ ಬೆಲೆ 16.4 ಲಕ್ಷ. ಹೊರಗಿನ ಗಿರಾಕಿಯ ಮಾತನ್ನು ಈ ಅಂಕಿಯ ಜೊತೆ ಹೋಲಿಸಬೇಕೇ ಹೊರತು ಶೋರೂಮಿನವರು ಜೋರಾಗಿ ಹೇಳಿದ 17ರ ಜೊತೆ ಅಲ್ಲ.

ಅಮೆರಿಕದಲ್ಲಿರುವ ನಮ್ಮವರು ಕೆಲವರು "ಟ್ರೇಡ್ ಇನ್ ಮಾಡಿದರೆ ಟ್ಯಾಕ್ಸ್ ಉಳಿಯುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಹೌದು, ಹಳೇ ಕಾರಿನ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಭಾರತದಲ್ಲೂ ಇಲ್ಲ. ಹಳೇ ಕಾರು ಕೊಟ್ಟರೂ ಕೊಡದಿದ್ದರೂ ಹೊಸ ಕಾರಿನ ಪೂರ್ತಿ ಬೆಲೆಯ ಮೇಲೇ ಜಿಎಸ್‌ಟಿ, ರೋಡ್ ಟ್ಯಾಕ್ಸ್ ಬೀಳುತ್ತದೆ. ಅಂದರೆ ನಮ್ಮಲ್ಲಿ ಎಕ್ಸ್‌ಚೇಂಜ್‌ನಿಂದ ಸಿಗುವುದು ಬೋನಸ್ ಮತ್ತು ಓಡಾಟದ ಉಳಿತಾಯ, ಅಷ್ಟೇ.

ಇನ್ನು 'ಲಿಮಿಟೆಡ್ ಎಡಿಷನ್' ಅನ್ನುವ ವಿಷಯ. ಮಾಲೀಕರ ಜೊತೆ ನನಗೆ ಜಾಸ್ತಿ ವಾದವಾಗುವುದು ಇಲ್ಲೇ. ಕಾರುಗಳ ಸಂಖ್ಯೆ ಕಡಿಮೆ ಅಂದ ಮಾತ್ರಕ್ಕೆ ಬೆಲೆ ನಿಲ್ಲುವುದಿಲ್ಲ. ಹುಡುಕುವವರು ಇರಬೇಕು. ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ನೋಡಿ. 2016ರ ಕೊನೆಯಲ್ಲಿ ಬಂತು. ಮೊದಲು ಘೋಷಿಸಿದ್ದು 99 ಕಾರು. 1.8 ಲೀಟರ್ ಟರ್ಬೊ ಎಂಜಿನ್, 192 ಪಿಎಸ್ (ಅಶ್ವಶಕ್ತಿ), ಪಕ್ಕದಲ್ಲಿ ಎರಡೇ ಬಾಗಿಲು. ಬೆಲೆ 25.99 ಲಕ್ಷ. ಪೋಲೋಗೆ ಅಷ್ಟು ದುಡ್ಡು ಕೊಡಲು ಜನ ಹಿಂದೆಮುಂದೆ ನೋಡಿದರು. ಆಮೇಲೆ ಕಂಪನಿಯೇ ಆರು ಲಕ್ಷ ಇಳಿಸಿ 19.99 ಲಕ್ಷ ಮಾಡಿತು. 99 ಅನ್ನುವ ಸಂಖ್ಯೆ ಆ ಕಾರನ್ನು ಆಗ ಕಾಪಾಡಲಿಲ್ಲ. ಈಗ ಕಥೆ ಬೇರೆ. 2022ರಲ್ಲಿ ಭಾರತದಲ್ಲಿ ಪೋಲೋ ತಯಾರಿಕೆಯೇ ನಿಂತಿತು, ಅದನ್ನು ಪ್ರೀತಿಸಿ ಬೆಳೆದ ಹುಡುಗರ ಕೈಗೆ ಸಂಬಳ ಬಂತು. ಚೆನ್ನಾಗಿ ಇಟ್ಟ ಜಿಟಿಐ ಮಾರಾಟಕ್ಕೆ ಬಂದರೆ ಈಗ ಫೋನ್ ಮೇಲೆ ಫೋನ್ ಬರುತ್ತದೆ.

ಹುಡುಕುವವರು ಹುಟ್ಟುವುದು ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಬೇರೆ ಇದ್ದಾಗ. ಕಪ್ಪು ಗ್ರಿಲ್, ಬಾಗಿಲ ಮೇಲೊಂದು ಸ್ಟಿಕ್ಕರ್, ಸೀಟಿಗೆ ಕೆಂಪು ದಾರ ಹಾಕಿ 'ವಿಶೇಷ ಆವೃತ್ತಿ' ಅಂದ ಕಾರಿಗೆ ಅವರು ಬರುವುದಿಲ್ಲ. ಅಂಥದ್ದು ನಿಮ್ಮ ಬಳಿ ಇದ್ದರೆ ಸುಮ್ನೆ ಕಾಯಬೇಡಿ, ಎಕ್ಸ್‌ಚೇಂಜ್ ಬೆಲೆ ಸರಿ ಇದ್ದರೆ ಕೊಟ್ಟುಬಿಡಿ. ಆರ್‌ಎಸ್ 245 ಆ ಜಾತಿಯದಲ್ಲ. 2 ಲೀಟರ್ ಟರ್ಬೊ ಎಂಜಿನ್, 245 ಪಿಎಸ್, 370 ಎನ್‌ಎಂ ಟಾರ್ಕ್, ಡಿಎಸ್‌ಜಿ ಅನ್ನುವ ಏಳು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಜೊತೆಗೆ ಆ ಡಿಫರೆನ್ಷಿಯಲ್. ವರ್ಷಕ್ಕೆ 2,500 ಕಾರುಗಳವರೆಗೆ ಇಲ್ಲಿ ಮತ್ತೆ ಹೋಮೊಲೊಗೇಷನ್ ಪರೀಕ್ಷೆ (ಕಾರು ನಮ್ಮ ನಿಯಮಗಳಿಗೆ ಸರಿ ಇದೆಯಾ ಅನ್ನುವ ಪರೀಕ್ಷೆ) ಇಲ್ಲದೆ ತರಬಹುದು ಅನ್ನುವ ನಿಯಮದಡಿ ಪೂರ್ತಿ ಆಮದಾಗಿ ಬಂದ ಕಾರು ಅದು. ಅದಕ್ಕೂ ಮುಂಚೆ 2017ರಲ್ಲಿ ಬಂದ ಆರ್‌ಎಸ್ 230, ಇನ್ನೂ ಹಿಂದೆ 2004ರಲ್ಲಿ ಬಂದ ಮ್ಯಾನುವಲ್ ಗೇರಿನ ಆಕ್ಟೇವಿಯಾ ಆರ್‌ಎಸ್, ಇವಕ್ಕೆಲ್ಲ ಇಂದಿಗೂ ಅಭಿಮಾನಿಗಳಿದ್ದಾರೆ. ಆ ಪರಂಪರೆಯೇ ಈ ಕಾರಿನ ಬಲ.

ಆದರೆ ಬೆಲೆ ಮೇಲೆ ಹೋಗುತ್ತಲೇ ಇರುತ್ತದೆ ಅಂತ ನಂಬಿ ಕೂರುವುದೂ ತಪ್ಪು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ಹೋಗಿ ಒಟ್ಟು ಶೇ 40 ಜಿಎಸ್‌ಟಿ ಆಯಿತು. ಅದಕ್ಕೂ ಮುಂಚೆ ಎರಡೂ ಸೇರಿ ಶೇ 50ರವರೆಗೆ ಇತ್ತು. ಹೊಸ ಕಾರು ಅಗ್ಗವಾದರೆ ಹಳೇ ಕಾರಿನ ಬೆಲೆಯೂ ಕೆಳಗೆ ಜಗ್ಗುತ್ತದೆ. ಮರು ತಿಂಗಳೇ ಹೊಸ ತಲೆಮಾರಿನ ಆಕ್ಟೇವಿಯಾ ಆರ್‌ಎಸ್ ಬಂತು. 265 ಪಿಎಸ್, 49.99 ಲಕ್ಷ, ಬರೀ 100 ಕಾರು. ಅದು ಸಿಗದವರು ಹಳೇ 245ರ ಕಡೆ ತಿರುಗಿದರು, ಅದು ನಿಮಗೆ ಲಾಭ. ಕಂಪನಿ ಮುಂದೆ ಇನ್ನಷ್ಟು ತರಿಸಿದರೆ ಆ ಲಾಭ ಕರಗುತ್ತದೆ. ಬೆಲೆ ಏರುತ್ತದೆ ಅನ್ನುವ ಒಂದೇ ಕಾರಣಕ್ಕೆ ಈ ಕಾರು ಇಟ್ಟುಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಬೆಲೆ ನಿಜವಾಗಿ ನಿಂತಿರುವುದು ಕಾರಿನ ಚರಿತ್ರೆಯ ಮೇಲೆ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಆರ್‌ಎಸ್‌ಗಳ ನಡುವೆ ನಾನು ಹೇಳುವ ಬೆಲೆಯಲ್ಲಿ ಲಕ್ಷಗಳ ವ್ಯತ್ಯಾಸ ಬರಬಹುದು. ಮುಖ್ಯ ಕಾರಣ ರೀಮ್ಯಾಪ್. ಈ ಎಂಜಿನ್‌ನ ಸಾಫ್ಟ್‌ವೇರ್ ಬದಲಿಸಿದರೆ ಸುಲಭವಾಗಿ ಬಲ ಜಾಸ್ತಿಯಾಗುತ್ತದೆ, ಹಾಗಾಗಿ ಬಹಳ ಮಂದಿ 'ಸ್ಟೇಜ್ 1' ಮಾಡಿಸಿರುತ್ತಾರೆ. ಮಾರುವ ಮುಂಚೆ ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ವಾಪಸ್ ಹಾಕಿಸಿ "ಮುಟ್ಟೇ ಇಲ್ಲ" ಅನ್ನುತ್ತಾರೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಟ್ಯೂನಿಂಗ್ ಪತ್ತೆಯಾದರೆ ಕಂಪನಿಯ ದಾಖಲೆಯಲ್ಲಿ 'ಟಿಡಿ1' ಅನ್ನುವ ಗುರುತು ಬೀಳುತ್ತದೆ. ಆಮೇಲೆ ಸ್ಟಾಕ್‌ಗೆ ತಂದರೂ ಆ ಗುರುತು ಉಳಿಯುತ್ತದೆ. ತಿಳಿದ ಗಿರಾಕಿ ಅದನ್ನು ವಿಚಾರಿಸಿಯೇ ವಿಚಾರಿಸುತ್ತಾನೆ. ಸುಳ್ಳು ಸಿಕ್ಕಿಬಿದ್ದರೆ ನೀವು ಹೇಳಿದ ಬೇರೆ ನಿಜಗಳನ್ನೂ ಅವನು ನಂಬುವುದಿಲ್ಲ. ಮಾಡಿಸಿದ್ದರೆ ಹೇಳಿ. ಯಾರ ಬಳಿ, ಎಷ್ಟು ಕಿಲೋಮೀಟರಿಗೆ, ಆಮೇಲೆ ಏನೇನು ಬದಲಾಯಿಸಿದಿರಿ, ಬಿಲ್ ಸಮೇತ. ಬೆಲೆ ಸ್ವಲ್ಪ ಕಡಿಮೆಯಾಗಬಹುದು, ಆದರೆ ವ್ಯಾಪಾರ ಮುರಿಯುವುದಿಲ್ಲ.

ತೆಗೆದಿಟ್ಟ ಒರಿಜಿನಲ್ ಬಿಡಿಭಾಗಗಳನ್ನು ದಯವಿಟ್ಟು ಎಸೆಯಬೇಡಿ. ಏರ್ ಇನ್‌ಟೇಕ್, ಎಕ್ಸಾಸ್ಟ್, ಅಲಾಯ್ ಚಕ್ರಗಳು, ಎರಡನೇ ಕೀ, ಸರ್ವೀಸ್ ಬುಕ್ ಎಲ್ಲ ಇದ್ದರೆ ಅಭಿಮಾನಿ ಗಿರಾಕಿ ಅದಕ್ಕೆ ದುಡ್ಡು ಕೊಡುತ್ತಾನೆ. ಕೌಂಟರಿನವನು ಕೊಡುವುದಿಲ್ಲ. ನಾನು ತಪಾಸಣೆಗೆ ಬಂದಾಗ ಪೇಂಟ್ ದಪ್ಪ ಅಳೆಯುತ್ತೇನೆ, ಟೈರಿನ ಪಕ್ಕದ ನಾಲ್ಕು ಅಂಕಿ ಓದಿ ಯಾವ ವಾರ ಯಾವ ವರ್ಷ ತಯಾರಾಯಿತು ಅಂತ ನೋಡುತ್ತೇನೆ, ಡಿಎಸ್‌ಜಿ ಆಯಿಲ್ ಬದಲಿಸಿದ ಬಿಲ್ ಕೇಳುತ್ತೇನೆ. ವಾಟರ್ ಪಂಪ್ ಹೌಸಿಂಗ್ ಸುತ್ತ ಕೂಲಂಟ್ ಒಣಗಿದ ಕಲೆ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ, ಈ ಎಂಜಿನ್‌ನಲ್ಲಿ ಸೋರುವುದು ಸಾಮಾನ್ಯವಾಗಿ ಅಲ್ಲೇ. ಬೆಂಗಳೂರಿನ ಗುಂಡಿಗಳಿಗೆ ತೆಳು ಟೈರಿನ ಅಲಾಯ್ ಬಾಗಿರುವುದು ಬಹಳ ಸಲ ಕಾಣುತ್ತದೆ, ಅದಕ್ಕೂ ಚಕ್ರ ತಿರುಗಿಸಿ ನೋಡಬೇಕು.

ಇಟ್ಟುಕೊಳ್ಳುವುದಾದರೆ ಏನು ಗಮನಿಸಬೇಕು? ನನಗೆ ಕಾಳಜಿ ಇರುವುದು ವಿಮೆಯ ಬಗ್ಗೆ. ಸಮಗ್ರ ವಿಮೆಯಲ್ಲಿ ಕಾರಿನ ಬೆಲೆಯನ್ನು ಐಡಿವಿ ಅನ್ನುತ್ತಾರೆ. ನಾಲ್ಕರಿಂದ ಐದು ವರ್ಷದ ಕಾರಿಗೆ ನಿಯಮದ ಸವಕಳಿ ಶೇ 50. ಐದು ದಾಟಿದ ಮೇಲೆ ನೀವೂ ಕಂಪನಿಯೂ ಒಪ್ಪಿದ ಬೆಲೆ. ಆನ್‌ಲೈನ್‌ನಲ್ಲಿ ಕಡಿಮೆ ಪ್ರೀಮಿಯಂ ಕಾಣುತ್ತದೆ ಅಂತ ಕಡಿಮೆ ಐಡಿವಿ ಒತ್ತಿಬಿಡುತ್ತಾರೆ. ಕಾರು ಕಳುವಾದರೆ, ಪೂರ್ತಿ ಜಖಂ ಆದರೆ, ಸಿಗುವುದು ಆ ಐಡಿವಿ ಮಾತ್ರ. ಹೊರಗೆ ಎಷ್ಟು ಬೇಡಿಕೆ ಇತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಅಪರೂಪದ ಕಾರಿಗೆ ಸಾಧ್ಯವಾದಷ್ಟು ಜಾಸ್ತಿ ಐಡಿವಿ ಕೇಳಿ ಬರೆಸಿ. ಆರ್‌ಎಸ್‌ನ ಬಂಪರ್, ಗ್ರಿಲ್‌ನಂಥ ಭಾಗಗಳು ಮಾಮೂಲಿ ಆಕ್ಟೇವಿಯಾದವಲ್ಲ, ತರಿಸಲು ಸಮಯ ಬೇಕು. ಮಾಮೂಲಿ ಆಕ್ಟೇವಿಯಾ ಕೂಡ 2023ರಲ್ಲಿ ಇಲ್ಲಿ ನಿಂತಿತು. ಸಣ್ಣ ಗುದ್ದಿಗೂ ಕಾರು ವಾರಗಟ್ಟಲೆ ವರ್ಕ್‌ಶಾಪ್‌ನಲ್ಲಿ ಕೂರಬಹುದು, ಅದಕ್ಕೆ ಮನೆಯಲ್ಲಿ ಇನ್ನೊಂದು ಗಾಡಿ ಇರಲೇಬೇಕು.

ಕವರ್ ಹಾಕಿ ನಿಲ್ಲಿಸಿಡುವುದು ಕಾರು ಕಾಪಾಡುವ ದಾರಿಯಲ್ಲ. ಬ್ಯಾಟರಿ ಸಾಯುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಇಲಿ ವೈರ್ ಕಡಿಯುತ್ತದೆ. ಭಾನುವಾರ ಬೆಳಿಗ್ಗೆ ನೈಸ್ ರಸ್ತೆಗಾದರೂ ತೆಗೆಯುವಷ್ಟು ಪ್ರೀತಿ ಉಳಿದಿದ್ದರೆ ಇಟ್ಟುಕೊಳ್ಳಿ ಅಂತಲೇ ನನ್ನ ಸಲಹೆ. ಇಂಥ ಸೆಡಾನ್ ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದೇ ಇದ್ದರೆ ಮಾರಿ, ಓಡಿಸುವವರ ಕೈಗೆ ಹೋಗಲಿ.

ನೇರ ಮಾರಾಟದಲ್ಲಿ ಗಿರಾಕಿ ಬಹುಶಃ ನಮ್ಮ ಊರಿನವರಾಗಿರುವುದಿಲ್ಲ. ಕೊಚ್ಚಿ, ಪುಣೆ, ಹೈದರಾಬಾದ್‌ನಿಂದ ಬರುತ್ತಾರೆ. ಅಲ್ಲಿಗೆ ಹೋಗಲು ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಅವರು ತಮ್ಮ ರಾಜ್ಯದಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಸೆಸ್ ಸೇರಿ ಹತ್ತಿರ ಹತ್ತಿರ ಶೇ 20. ಈ ಕಾರಿಗೆ ಅದು ಏಳು ಲಕ್ಷದ ಆಸುಪಾಸು. ಬೇರೆ ರಾಜ್ಯದಲ್ಲಿ ನೋಂದಣಿಯಾದ ಮೇಲೆ ಉಳಿದ ವರ್ಷಗಳ ಲೆಕ್ಕದಲ್ಲಿ ಒಂದು ಭಾಗ ವಾಪಸ್ ಕೇಳಬಹುದು. ಆ ದುಡ್ಡು ಯಾರಿಗೆ ಅನ್ನುವುದನ್ನು ಮಾರುವಾಗಲೇ ಬರೆದುಕೊಳ್ಳಿ. ಆಮೇಲೆ ಗಿರಾಕಿ ಫೋನ್ ಎತ್ತುವುದಿಲ್ಲ.

ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಲ್ಲಿ ಮಾಲೀಕರು ನೀವೇ. ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಖಾಲಿ ಬಿಟ್ಟು ಕೊಡಬೇಡಿ. ಅಧಿಕೃತ ಪರವಾನಗಿ ಇರುವ ವ್ಯಾಪಾರಿಗೆ ಕೊಡುವುದಾದರೆ ಫಾರ್ಮ್ 29ಸಿ ಮೂಲಕ ಗಾಡಿ ಹಸ್ತಾಂತರವಾಗಿದೆ ಅಂತ ಆನ್‌ಲೈನ್‌ನಲ್ಲಿ ದಾಖಲಿಸುವ ವ್ಯವಸ್ಥೆ 2023ರ ಏಪ್ರಿಲ್‌ನಿಂದ ಇದೆ, ಅದನ್ನು ಕೇಳಿ ಮಾಡಿಸಿ. ಸಾಲ ತೀರದೆ ಉಳಿದಿದ್ದರೆ, ದೊಡ್ಡ ಅಪಘಾತದ ರಿಪೇರಿ ಆಗಿದ್ದರೆ, ಮುಂದಿನ ತಿಂಗಳೇ ವಿದೇಶಕ್ಕೆ ಹೊರಟಿದ್ದರೆ, ಈ ಓಡಾಟಕ್ಕಿಂತ ಎಕ್ಸ್‌ಚೇಂಜ್ ವಾಸಿ. ಎರಡು ಮೂರು ಕಡೆ ಬೆಲೆ ಕೇಳಿ ಕೊಟ್ಟುಬಿಡಿ.

ಯಾರಿಗೇ ಕೊಟ್ಟರೂ ಎನ್‌ಸಿಬಿ ಮಾತ್ರ ಬಿಡಬೇಡಿ. ವಿಮೆಯ ನೋ ಕ್ಲೇಮ್ ಬೋನಸ್ ಸೇರಿದ್ದು ನಿಮಗೆ, ಕಾರಿಗಲ್ಲ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು ಶೇ 50ಕ್ಕೆ ಮುಟ್ಟಿರುತ್ತದೆ, ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅರ್ಧ ಉಳಿಯುತ್ತದೆ. ಹಳೇ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಳ್ಳಿ. ಮೂರು ವರ್ಷದೊಳಗೆ ಯಾವ ಕಂಪನಿಯಲ್ಲಾದರೂ ಅದನ್ನು ಬಳಸಬಹುದು.